ಹಾಳೆಯ ನಡುವೆ ಗೆರೆ

ಜೂನ್ 3, ಸಂಜೆ
ಇವತ್ತೂ ಬೋರ್ಡಿನ ನಡುವೆ ಗೆರೆ. ಎಡಕ್ಕೊಂದು ಪ್ರೋಗ್ರಾಂ, ಬಲಕ್ಕೊಂದು. ಎರಡರ ಲೆಕ್ಕವೂ ಒಂದೇ — ಮಹಡಿಗೆ ಮೆಟ್ಟಿಲೆಷ್ಟು? ಎಡಕ್ಕೊಂದು ಸಾಲು, ಬಲಕ್ಕೊಂದು ಸಾಲು, ಜೊತೆಜೊತೆಯಾಗಿಯೇ ಬರೆಯುತ್ತೇನೆ. ರೂಢಿ. ಯಾವುದು ಸರಿ ಎಂದು ಇಡೀ ಕ್ಲಾಸು ಕೇಳಿತು. ಹೇಳಲಿಲ್ಲ. ಎರಡನ್ನೂ ನೋಡಿದವರು ತಾವೇ ಆರಿಸಲಿ — ನನ್ನ ಹಟ.

ಕ್ಲಾಸಿನಲ್ಲಿ ಎಲ್ಲರಿಗಿಂತ ಹಿರಿಯರಾದ ಟೈಲರ್ ಅಕ್ಕ ಮಾತ್ರ ಬಲಕ್ಕೇ ನೋಡುತ್ತಿದ್ದರು. ಅವರ ಗಾರ್ಮೆಂಟ್ಸಿನಲ್ಲಿ ಹೊಲಿಗೆ ವಿಭಾಗ ಮುಚ್ಚುತ್ತಿದೆ. ಈ ಕೋರ್ಸಿನ ಪರೀಕ್ಷೆ ಪಾಸಾದರೆ ಕಂಪ್ಯೂಟರಿನಲ್ಲಿ ಬಟ್ಟೆ ಕತ್ತರಿಸುವ ವಿಭಾಗಕ್ಕೆ ಹಾಕುತ್ತಾರಂತೆ, ಇಲ್ಲದಿದ್ದರೆ ಮನೆಗೆ.

"ಎಡಗಡೇದು ಎಣಿಸ್ಕೊಂಡು ಇಳಿಯುತ್ತೆ ಮೇಡಂ," ಎಂದರು. "ಬಲಗಡೇದು ಕೆಳಗಿನ ಮೆಟ್ಟಿಲನ್ನೇ ಕೇಳುತ್ತೆ — ನಿನ್ನ ಕೆಳಗೆ ಎಷ್ಟು ಜನ ಇದ್ದಾರೆ ಅಂತ."

ಇಪ್ಪತ್ತು ವರ್ಷ ಪಾಠ ಮಾಡಿದರೂ ನನಗೆ ಹೊಳೆಯದ ಮಾತು. ಹೊಟ್ಟೆಕಿಚ್ಚಾಯಿತು, ಸಂತೋಷವೂ.

ಜೂನ್ 8, ಮಧ್ಯಾಹ್ನ
ಊಟವಾದ ಮೇಲೆ ಜೊಂಪು. ಕನಸಿನಲ್ಲಿ ಮೆಟ್ಟಿಲುಗಳು ಒಂದನ್ನೊಂದು ಮೆಲ್ಲಗೆ ವಿಚಾರಿಸುತ್ತಿದ್ದವು. ಉತ್ತರ ಬಹಳ ಕೆಳಗಿನಿಂದ ಒಂದೊಂದೇ ಕೂಡಿಕೊಂಡು ಮೇಲೆ ಬರುತ್ತಿತ್ತು. ತುದಿಯಲ್ಲಿ ನಾನು, ಬರಿಗಾಲು, ಹಿತವಾದ ಬಿಸಿಲು... ನಮ್ಮವರು ಎಬ್ಬಿಸಿದರು. ನಗುತ್ತಿದ್ದೆನಂತೆ.

ಜುಲೈ 9
ಟೈಲರ್ ಅಕ್ಕ ಫೇಲ್.

ಉತ್ತರಪತ್ರಿಕೆ ತರಿಸಿ ನೋಡಿದೆ. ಹಾಳೆಯ ನಡುವೆ ಗೆರೆ. ಎಡಕ್ಕೊಂದು ಸಾಲು, ಬಲಕ್ಕೊಂದು ಸಾಲು — ಥೇಟ್ ನನ್ನ ಹಾಗೆ. ಬೆಲ್ ಹೊಡೆದಾಗ ಎರಡೂ ಅರ್ಧ. ಎರಡಕ್ಕೂ ಮಾರ್ಕ್ಸ್ ಇಲ್ಲ. ನಾನು ಮಾಡಿದ್ದನ್ನು ಅವರು ಉಣ್ಣಬೇಕಾಯಿತು. ಸ್ಟಾಫ್ ರೂಮಿನಲ್ಲೇ ಅತ್ತುಬಿಟ್ಟೆ. ಎರಡು ದೋಣಿಯಲ್ಲಿ ಕಾಲಿಡುವುದನ್ನು ಯಾಕೆ ಕಲಿಸುತ್ತೀರಿ ಎಂದರು ಪ್ರಿನ್ಸಿಪಾಲರು.

ಮರುಪರೀಕ್ಷೆ ಇಪ್ಪತ್ತಾರಕ್ಕೆ. ಫ್ಯಾಕ್ಟರಿಯವರು ಅಲ್ಲಿಯವರೆಗೆ ಕಾಯುತ್ತಾರಂತೆ. ಇದೊಂದೇ ಸಲ.

ಜುಲೈ 25
ಹಟ ಬಿಟ್ಟೆ. ಎಡಗಡೆಯದನ್ನೇ ಬರೆಯಿರಿ, ತಪ್ಪಾಗುವುದು ಕಡಿಮೆ ಎಂದುಬಿಟ್ಟೆ. ಅಕ್ಕ ತಲೆಯಾಡಿಸಿದರು. ಮುಖ ಸಣ್ಣದಾಗಿತ್ತು.

ಜುಲೈ 26, 12.40
ಹಾಲ್ ಹೊರಗೆ, ಬೆಂಚಿನ ಮೇಲೆ. ಅಕ್ಕ ಅರ್ಧ ಗಂಟೆ ಮೊದಲೇ ಹೊರಬಂದರು. ಎಡಗಡೆಯದೇ ತಾನೆ ಎಂದು ಕೇಳಿದೆ.

"ಇಲ್ಲ ಮೇಡಂ. ನೀವು ಹೇಳಿದ್ದು ಸರಿನೇ. ಆದ್ರೆ ನಂಗೆ ಅರ್ಥ ಆಗಿರೋದು ಬಲಗಡೇದು. ಅದೊಂದನ್ನೇ ಬರೆದೆ. ಪೂರ್ತಿ ಬರೆದೆ."

ಬೈಯಲು ಬಾಯಿ ತೆರೆದವಳು ಅಪ್ಪಿಕೊಂಡೆ. ಬಸ್ಸಿಗೆ ಹೊತ್ತಾಯಿತೆಂದು ಹೋದರು, ಹಗುರಾಗಿ.

ಅವರೇ ಆರಿಸಿದರಲ್ಲ, ಅಷ್ಟು ಸಾಕು, ರಿಸಲ್ಟ್ ಏನಾದರೂ ಆಗಲಿ...

ಸುಳ್ಳು. ಸಾಲದು. ಪಾಸಾಗಲಿ. ಹೇಗಾದರೂ ಪಾಸಾ—