ಎಡಕ್ಕೆ ಕೂತ ಮಣಿ

ಬೆಳುವಾಯಿ, ಫೆಬ್ರವರಿ 1964

ಅಣ್ಣಾ,

ಚೀನಾ ಯುದ್ಧದಲ್ಲಿ ಕಾಣೆಯಾದವನಿಗೆ ಯಾವ ವಿಳಾಸ ಬರೆಯಲಿ? ಆದರೂ ಇದನ್ನು ನಿನಗೇ ಹೇಳಬೇಕು.

ಇವತ್ತು ನಿನ್ನ ಕೋವಿಯ ಗುರಿ ಸರಿಮಾಡಿಸಿದೆ. ಕೋವಿಯನ್ನು ಬಲಭುಜಕ್ಕೆ ಒತ್ತಿ ಎಡಗಣ್ಣಿನಲ್ಲಿ ನೋಡುವವನು ನೀನು. ಅದಕ್ಕೇ ನಳಿಗೆಯ ತುದಿಯಲ್ಲಿ ಗುರಿ ಹಿಡಿಯುವ ಮಣಿಯನ್ನು ಎಡಕ್ಕೆ ಕೂರಿಸಿಕೊಂಡಿದ್ದೆ. ಬೇರೆ ಯಾರು ಹೊಡೆದರೂ ಗುಂಡು ಬಲಕ್ಕೇ ಹೋಗುತ್ತಿತ್ತು. ಹಂದಿಗಳು ಅರ್ಧ ಗದ್ದೆ ಅಗೆದುಹಾಕಿದರೂ ಅಪ್ಪ ಆ ಮಣಿ ಮುಟ್ಟಲು ಬಿಡಲಿಲ್ಲ. "ಬೇಡ ಮಗಾ, ಅವ ಬಂದಾಗ ಅವನ ಗುರಿ ತಪ್ತದೆ" ಎನ್ನುತ್ತಿದ್ದರು.

ನಾನೇ ಡೊಂಬಯ್ಯ ಆಚಾರಿಯನ್ನು ಕರೆಸಿದೆ. ಆತ ಮಣಿಯನ್ನು ಕಿತ್ತು, ನಡುವಿಗೆ ಬೆಸೆದು, ತೆಂಗಿನ ಗೆರಟೆಯೊಂದನ್ನು ಕಟ್ಟಿ ಹೊಡೆದ. ಗೆರಟೆ ಚೂರಾಯಿತು.

"ಇನ್ನು ಯಾರು ಬೇಕಾದ್ರೂ ಹೊಡಿಬಹುದು ಅಕ್ಕ" ಎಂದ.

ಅಪ್ಪ ಒಳಗೆ ಹೋದರು. ಊಟಕ್ಕೆ ಕರೆದರೆ ಬರಲಿಲ್ಲ. ನಾಳೆ ಗದ್ದೆ ಕಾಯಲು ಆ ಕೋವಿ ಹಿಡಿಯುವುದು ಯಾರು ಎಂದು ಅವರನ್ನು ಹೇಗೆ ಕೇಳಲಿ?

ನೀನು ಬಾ ಅಣ್ಣಾ. ಕೋವಿ ಎತ್ತು, ಗುಂಡು ಎಲ್ಲೋ ಹೋಗಿ ಬೀಳಲಿ. "ಯಾರು ಮಾರಾಯ್ತಿ ಇದನ್ನು ಮುಟ್ಟಿದ್ದು?" ಎಂದು ಊರಿಗೆ ಕೇಳುವಂತೆ ಕಿರುಚು. ಬೈಯಲಿಕ್ಕಾದರೂ ಬಾ.

ಲೋಲಾಕ್ಷಿ