ಜರೀಗಿಡಕ್ಕೆ ಔಷಧ ಹೊಡೆಸಿದ ಸಾಹೇಬರಿಗೆ

ಮಾನ್ಯ ಅಪರೂಪ ಸಸ್ಯಗಳ ಪಾಲನಾಧಿಕಾರಿಗಳೇ,

ಆರೋಗ್ಯವಾಗಿದ್ದ ಗಿಡವೊಂದನ್ನು ತಾವು ಚಿಕಿತ್ಸೆ ಕೊಟ್ಟು ಕೊಂದಿದ್ದೀರಿ. ಅದು ಸಾಲದೆಂದು ಕೊಂದ ತಪ್ಪಿಗೆ ಜೈತೂನಬಿಗೆ ನೋಟೀಸು ಕೊಟ್ಟಿದ್ದೀರಿ. ಅಭಿನಂದನೆಗಳು.

ಹಲಗೇರಿ ರಸ್ತೆಯ ತಮ್ಮ ನೆರಳುಮನೆಯಲ್ಲಿದ್ದ ಆ ಜರೀಗಿಡ ಸಮುದ್ರದಾಚೆಯ ದ್ವೀಪವೊಂದರ ಬೆಟ್ಟದ ಕಾಡಿನದು. ಅಲ್ಲಿಯೂ ಬೆರಳೆಣಿಕೆಯಷ್ಟೇ ಉಳಿದಿವೆ. 1997ರಲ್ಲಿ ಗೇಣುದ್ದದ ಸಸಿಯಾಗಿ ಬಂದದ್ದನ್ನು ರಾಣೆಬೆನ್ನೂರಿನ ಬಿಸಿಲಿನಲ್ಲಿ ಒಂಬತ್ತು ವರ್ಷ ಬದುಕಿಸಿದವಳು ದಿನಗೂಲಿಯ ಜೈತೂನಬಿ. ಬೇಸಿಗೆಯಲ್ಲಿ ಹಗಲಿಗೆ ಎಂಟು ಸಲ ಸುತ್ತಲಿನ ಗೋಣಿಚೀಲ ತೋಯಿಸುತ್ತಿದ್ದಳು. ತಾವು ಆಗ ಬ್ಯಾಡಗಿಯಲ್ಲಿ ಮೆಣಸಿನಗಿಡದ ಯಾವ ರೋಗಕ್ಕೆ ಯಾವ ಔಷಧ ಎಂದು ಭಾಷಣ ಮಾಡುತ್ತಿದ್ದಿರಿ. ಅಲ್ಲಿಯೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು!

ಕಳೆದ ತಿಂಗಳು ಮೊದಲ ಬಾರಿಗೆ ಎಲೆಗಳ ಹಿಂಬದಿಯಲ್ಲಿ ಕಂದು ಚುಕ್ಕೆಗಳು ಮೂಡಿದವು. ಜರೀಗಿಡಕ್ಕೆ ಹೂವಿಲ್ಲ, ಕಾಯಿಲ್ಲ. ಆ ಚುಕ್ಕೆಯೊಳಗಿನ ಪುಡಿಯೇ ಅದರ ಬೀಜ. ಇದು ಶಾಲೆಯ ಪಾಠ. “ಸರ, ನಮ್ಮ ಗಿಡ ಬಸರಾಗೇತ್ರಿ, ಲಗೂ ಬರ್ರಿ” ಎಂದು ಆಕೆ ಹಾವೇರಿಯಲ್ಲಿದ್ದ ನನಗೆ ಫೋನು ಮಾಡಿದಳು. ಪುಡಿ ಬಲಿಯಲು ಇನ್ನೂ ಮೂರು ದಿನ ಬೇಕು, ಗುರುವಾರ ಬಂದು ಕಾಗದದಲ್ಲಿ ಹಿಡಿಯುತ್ತೇನೆ, ಅಲ್ಲಿಯವರೆಗೆ ಯಾರೂ ಮುಟ್ಟಬಾರದು ಎಂದು ತಮಗೂ ಬರೆದು ಕಳಿಸಿದ್ದೆ.

ಬುಧವಾರ ತಾವು ಎಲೆ ಮಗುಚಿ ನೋಡಿದಿರಿ. ಚುಕ್ಕೆ ಕಂಡದ್ದೇ ತಡ, “ರೋಗ ಬಿದ್ದೈತಿ, ಅರಿವೀಲೆ ಒರಸು, ಮೆಣಸಿನಗಿಡದ ಔಷಧ ಹೊಡಿ” ಎಂದಿರಿ.

“ಸರ ಬರೂತನಕ ಮುಟ್ಟಬಾರ್ದಂತ್ರಿ” ಎಂದಳು ಆಕೆ.

“ಇಲ್ಲಿ ಸಾಹೇಬ ಯಾರು? ನಿಮ್ಮ ಸರನೋ, ನಾನೋ?”

ಸಾಕಿದ ಕೈಯಿಂದಲೇ ಒಂದೊಂದೂ ಎಲೆ ಒರೆಸುವಂತೆ ಮಾಡಿದಿರಿ. ರೋಗ ಹರಡಬಾರದೆಂದು ಆ ಅರಿವೆಯನ್ನೂ ನಿಂತು ಸುಡಿಸಿದಿರಿ. ಇಷ್ಟು ಅಚ್ಚುಕಟ್ಟಾಗಿ ನಿರ್ವಂಶ ಮಾಡಲು ಹಗೆಗಳಿಗೂ ಆಗದು. ಔಷಧದ ಕಾವಿಗೆ ಐದೇ ದಿನದಲ್ಲಿ ಗಿಡ ಕರಕಾಯಿತು. ಈಗ ರೋಗವನ್ನು ಸಕಾಲಕ್ಕೆ ಗಮನಕ್ಕೆ ತರದ ಆಕೆಯನ್ನು ಕೆಲಸದಿಂದ ಏಕೆ ತೆಗೆಯಬಾರದು ಎಂದು ಕೇಳಿದ್ದೀರಿ. ಇಲ್ಲದ ರೋಗವನ್ನು ಆಕೆ ಯಾರ ಗಮನಕ್ಕೆ ತರಬೇಕಿತ್ತು, ಸ್ವಾಮಿ?

ನೋಟೀಸು ಹಿಂದಕ್ಕೆ ತೆಗೆದುಕೊಳ್ಳಿ. ಆಮೇಲೆ ಆಕೆಯ ಎದುರು ಬಂದು ನಿಲ್ಲಿ. “ನನ್ನ ಕೈಯಿಂದನ ಹೋತೇನ್ರಿ ಸರ?” ಎಂದು ಆಕೆ ನನ್ನನ್ನು ಕೇಳಿದಳು. ಒಂದಿಷ್ಟು ಪುಡಿ ಕುಂಡದ ಮಣ್ಣಿಗೆ ಬಿದ್ದಿರುತ್ತದೆ, ಮೊಳೆಯುತ್ತದೆ ಎಂದುಬಿಟ್ಟೆ. ಬಲಿಯದ ಪುಡಿ ಮೊಳೆಯುವುದಿಲ್ಲ. ಅಂದಿನಿಂದ ಆಕೆ ದಿನವೂ ಆ ಕುಂಡಕ್ಕೆ ನೀರು ಚಿಮುಕಿಸಿ, ಬಗ್ಗಿ ನೋಡುತ್ತಾಳೆ. ಇನ್ನೇನೂ ಬರುವುದಿಲ್ಲ, ಕೊಂದವನು ನಾನು ಎಂದು ತಾವೇ ಬಂದು ಹೇಳಬೇಕು.

ಇಂತಿ,
ಆಕೆಗೆ ಸುಳ್ಳು ಹೇಳಿ ಬಂದ
ನಿವೃತ್ತ ಸಸ್ಯಶಾಸ್ತ್ರ ಉಪನ್ಯಾಸಕ,
ಹಾವೇರಿ, ಆಗಸ್ಟ್ 2006