ಸೋಮವಾರದ ಧನ್ಯವಾದ

ಜೂನ್ ೩, ಸೋಮವಾರ

ಕೆಳದವಡೆಯ ಕಟ್ಟುಹಲ್ಲಿನ ಸೆಟ್ಟಿಗೆ ಮೇಣ ಹದವಾಗಿ ಕಾದಿತ್ತು. ಮೊದಲ ಹಲ್ಲು ಕೂರಿಸಬೇಕು, ಅಷ್ಟರಲ್ಲಿ ಗಂಟೆ. ಎಲ್ಲರೂ ಕೈಯಲ್ಲಿದ್ದುದನ್ನು ಬಿಟ್ಟು ಊಟದ ಕೋಣೆಗೆ ಹೋಗಬೇಕು. ವೃತ್ತಾಕಾರದಲ್ಲಿ ಕುರ್ಚಿಗಳು. ಒಬ್ಬೊಬ್ಬರಾಗಿ ಎದ್ದು ನಿಂತು, ಈ ವಾರ ಯಾವುದಕ್ಕೆ ಕೃತಜ್ಞರು ಎಂಬುದನ್ನು ಸಭೆಗೆ ತಿಳಿಸಬೇಕು. ಹಿಂತಿರುಗುವ ಹೊತ್ತಿಗೆ ಮೇಣ ಕಲ್ಲಾಗಿತ್ತು. ಆ ಸೆಟ್ಟಿಗಾಗಿ ಕಾಯುತ್ತಿರುವ ಹಿರಿಯರು ಇನ್ನೊಂದು ದಿನ ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿಕೊಂಡು ತಿನ್ನಲಿ. ನಾವು ಕೃತಜ್ಞರಾಗಿದ್ದೇವಲ್ಲ, ಅಷ್ಟು ಸಾಕು.

ಮ್ಯಾನೇಜರ್ ಕಳೆದ ತಿಂಗಳು ಯಾವುದೋ ರೆಸಾರ್ಟಿನಲ್ಲಿ ಎರಡು ದಿನದ ತರಬೇತಿ ಮುಗಿಸಿ ಬಂದರು. ಬೇರೆಯವರು ಅಂಥ ಕಡೆಯಿಂದ ನೆಗಡಿ ತರುತ್ತಾರೆ. ಇವರು ಇದನ್ನು ತಂದರು.

ಪ್ಲಾಸ್ಟರ್ ಅಣ್ಣ (ಅಚ್ಚುಗಳಿಗೆ ಪ್ಲಾಸ್ಟರ್ ಸುರಿಯುವವರು, ನನಗಿಂತ ಚಿಕ್ಕವರಾದರೂ ಲ್ಯಾಬಿಗೆಲ್ಲ ಅಣ್ಣ) ಎದ್ದು, “ನನ್ನ ಹೆಂಡ್ತಿಗೆ ಥ್ಯಾಂಕ್ಸ್. ಭಾನುವಾರ ತವರಿಗೆ ಹೋಗಿದ್ಲು” ಎಂದರು. ಎಲ್ಲರೂ ನಕ್ಕರು. ಮ್ಯಾನೇಜರ್ ನಗಲಿಲ್ಲ, ಬರೆದುಕೊಂಡರು. ನಾನು ನಮ್ಮ ಬೆಕ್ಕಿಗೆ ಧನ್ಯವಾದ ಅರ್ಪಿಸಿದೆ. ಹೋದ ವಾರವೂ ಅದೇ ಬೆಕ್ಕು. ಅದು ಏನು ಮಾಡಿತೆಂದು ಯಾರೂ ಕೇಳಲಿಲ್ಲ, ಪುಣ್ಯ.

ಕೊನೆಗೆ ನನ್ನ ಶಿಷ್ಯೆ. ಸಣಕಲು, ನೆಟ್ಟಗೆ, ಮಾತು ಮೊನಚು. ಗುಂಡುಸೂಜಿ ಎಂಬ ಹೆಸರು ಅಣ್ಣನವರೇ ಇಟ್ಟದ್ದು.

“ಈ ವಾರ ಅಂಥದ್ದೇನೂ ಇಲ್ಲ ಸರ್.”

“ಯೋಚನೆ ಮಾಡಮ್ಮಾ.”

“ಮಾಡಿದೆ ಸರ್.”

“ಮನೆಯವರು?”

“ಇಲ್ಲ ಸರ್.”

“ಇಲ್ಲ ಅಂದ್ರೆ?”

“ಇಲ್ಲ ಅಂದ್ರೆ ಇಲ್ಲ ಸರ್.”

ಮ್ಯಾನೇಜರ್ ಇದನ್ನೂ ಬರೆದುಕೊಂಡರು. ಎರಡು ಬಾರಿ ಅಡಿಗೆರೆ ಎಳೆದದ್ದು ನನ್ನ ಕುರ್ಚಿಯವರೆಗೂ ಕಾಣಿಸಿತು.

ಜೂನ್ ೫, ಬುಧವಾರ

ಚಹಾದ ಹೊತ್ತಿನಲ್ಲಿ ಹುಡುಗಿಯನ್ನು ಪಕ್ಕಕ್ಕೆ ಕರೆದೆ. ಬುದ್ಧಿ ಹೇಳುವ ಉದ್ದೇಶವಿತ್ತು. ಏನಾದರೊಂದು ಹೇಳಿಬಿಡಬಾರದೇ, ಬಿಸಿಲು ಚೆನ್ನಾಗಿತ್ತು ಎಂದರೂ ನಡೆಯುತ್ತದೆ — ಹೀಗೆ. ಆಕೆ ಕಪ್ಪನ್ನು ಕೆಳಗಿಟ್ಟಳು.

“ನಾನು ಚಿಕ್ಕಮ್ಮನ ಮನೇಲಿ ಬೆಳೆದೋಳು ಮೇಡಂ. ತಟ್ಟೆ ಮುಂದೆ ಬಂದ ತಕ್ಷಣ ತಿನ್ನೋ ಹಾಗಿರ್ಲಿಲ್ಲ. ಎದ್ದು ನಿಂತ್ಕೊಂಡು ಹೇಳ್ಬೇಕು, ಚಿಕ್ಕಪ್ಪನ ದಯೆ, ಚಿಕ್ಕಮ್ಮನ ದಯೆ ಅಂತ. ಅವರ ಮಕ್ಕಳು ಕೂತು ತಿಂತಾ ಇರೋರು. ದನಿ ಸಣ್ಣಗಾದ್ರೆ ಇನ್ನೊಂದ್ಸಲ. ನೆಂಟರು ಬಂದ್ರೆ ಅವರ ಮುಂದೂ. ಆ ಮನೆ ಬಿಟ್ಟ ದಿನ ತೀರ್ಮಾನ ಮಾಡ್ದೆ, ಇನ್ನು ಯಾರು ಹೇಳಿಸಿದ್ರೂ ಹೇಳಲ್ಲ ಅಂತ.”

“ನಿನಗೇ ಹೇಳಬೇಕು ಅನ್ಸಿದ್ರೆ?”

“ಆಗ ಹೇಳ್ತೀನಿ. ಕಿಟಕಿ ಪಕ್ಕದ ಜಾಗ ಬಿಟ್ಟುಕೊಟ್ರಲ್ಲ, ಆವತ್ತು ಹೇಳ್ಲಿಲ್ವಾ ನಿಮಗೆ?”

ಹೇಳಿದ್ದಳು. ಹೌದು. ನಾನು ತಂದಿದ್ದ ಬುದ್ಧಿಮಾತನ್ನೆಲ್ಲ ಚಹಾದೊಂದಿಗೆ ನುಂಗಿಕೊಂಡೆ.

ಮನೆಗೆ ಬಂದ ಮೇಲೂ ಮೈ ಉರಿಯುತ್ತಿದೆ. ಹಸಿದ ಮಗುವನ್ನು ತಟ್ಟೆಯ ಮುಂದೆ ನಿಲ್ಲಿಸಿ ದಯೆಯ ಪಾಠ ಒಪ್ಪಿಸಿಕೊಳ್ಳುವ ಜನ! ಆ ಮಗು ಬೆಳೆದು, ಸ್ವಂತ ಕೈಯಿಂದ ದುಡಿಯುವ ಜಾಗಕ್ಕೆ ಬಂದರೆ ಇಲ್ಲಿಯೂ ಅದೇ ಪಾಠ, ಅದೇ ನಿಲ್ಲು, ಅದೇ ಹೇಳು!

ಜೂನ್ ೧೦, ಸೋಮವಾರ

ಇವತ್ತೂ “ಇಲ್ಲ ಸರ್.” ಸಭೆ ಮುಗಿದ ಮೇಲೆ ಮ್ಯಾನೇಜರ್ ನನ್ನನ್ನು ರೂಮಿಗೆ ಕರೆಸಿದರು. ಹುಡುಗಿಯ ತರಬೇತಿ ಈ ತಿಂಗಳಿಗೆ ಮುಗಿಯುತ್ತದೆ. ಅನಂತರ ಖಾಯಂ, ಇಲ್ಲವಾದರೆ ಮನೆ. ಅವಳ ವಿಷಯದಲ್ಲಿ ಮನೆಯೆಂದರೆ ನಾಲ್ವರು ಹಂಚಿಕೊಂಡಿರುವ ಹಾಸ್ಟೆಲ್ ಕೋಣೆ. ಸಂಬಳ ನಿಂತರೆ ಅದೂ ಇಲ್ಲ. ಚಿಕ್ಕಮ್ಮನ ಬಾಗಿಲು ಮಾತ್ರ.

“ಕೆಲಸ ಚೆನ್ನಾಗಿದೆ, ಒಪ್ತೀನಿ. ಆದ್ರೆ ಆಟಿಟ್ಯೂಡ್ ಮೇಡಂ, ಆಟಿಟ್ಯೂಡ್!”

ಕಳೆದ ತಿಂಗಳು ಬಂದ ಅಜ್ಜಿಯ ಸಂಗತಿಯನ್ನು ವಿವರಿಸಿದೆ. ಸಾಲಾಗಿ ಮುತ್ತಿನಂತೆ ಹಲ್ಲು ಜೋಡಿಸಿ ಕಳಿಸುವುದು ಯಾರಿಗಾದರೂ ಬರುತ್ತದೆ. ಈ ಹುಡುಗಿ ಅಜ್ಜಿಯ ಹಳೆಯ ಫೋಟೋ ತರಿಸಿಕೊಂಡು, ಮುಂದಿನ ಒಂದು ಹಲ್ಲನ್ನು ಕೂದಲೆಳೆಯಷ್ಟು ಸೊಟ್ಟಗೆ ಕೂರಿಸಿದ್ದಳು. ಅಜ್ಜಿ ಕನ್ನಡಿ ನೋಡಿಕೊಂಡು, “ಅಯ್ಯೋ, ಇವಳು ನಾನೇ!” ಎಂದರಂತೆ. ಇದಕ್ಕಿಂತ ಒಳ್ಳೆಯ ಆಟಿಟ್ಯೂಡ್ ಯಾವ ರೆಸಾರ್ಟಿನಲ್ಲಿ ಸಿಗುತ್ತದೆ?

“ಅದೆಲ್ಲ ಸರಿ. ಒಂದೇ ಒಂದು ಸೋಮವಾರ ಬಾಯಿ ಬಿಡ್ಲಿ. ಎಲ್ಲರಿಗೂ ಫ್ಯಾಮಿಲಿ ಇದೆ, ಬೆಕ್ಕಿದೆ, ಎರಡು ದಿನದ ಟ್ರಿಪ್ ಇದೆ. ಅವಳಿಗೊಬ್ಬಳಿಗೆ ಏನೂ ಇಲ್ವಾ?”

ಇಲ್ಲ. ಮಹಾಶಯರೇ, ಇಲ್ಲ! ನಿಮ್ಮ ತಲೆಗೆ ಹೋಗದಿರುವುದು ಅಷ್ಟೇ.

ಬಾಯಲ್ಲಿ ಇದನ್ನು ಹೇಳಲಿಲ್ಲ. ಬಂದು ಮೇಣ ಕಾಯಿಸಿದೆ. ಸುಟ್ಟುಹೋಯಿತು.

ಜೂನ್ ೧೩, ಗುರುವಾರ

ರಾತ್ರಿ ಮನೆಯ ಊಟದ ಮೇಜಿನಲ್ಲಿ ಎಲ್ಲವನ್ನೂ ಹೇಳಿಕೊಂಡೆ. ಒಂದೇ ಮನೆಯಲ್ಲಿರುವ ತಂಗಿಗೆ ಅರ್ಥವಾಗಲಿಲ್ಲ.

“ಹೇಳಿಬಿಡ್ಲಿ ಅಕ್ಕಾ, ಅವಳ ಗಂಟೇನು ಹೋಗತ್ತೆ?”

“ನಿನ್ನನ್ನ ತಟ್ಟೆ ಮುಂದೆ ನಿಲ್ಲಿಸಿ ಹೇಳಿಸಿದ್ರೆ ಗೊತ್ತಾಗ್ತಿತ್ತು.”

“ನನ್ನನ್ನ ಯಾರು ನಿಲ್ಲಿಸ್ತಾರೆ? ಈ ಮನೇಲಿ ನನಗೆ ಕೂರೋಕೇ ಪುರುಸೊತ್ತಿಲ್ಲ!”

ತಂಗಿಯ ಗಂಡ ಚಮಚ ಎತ್ತಿ ಹಿಡಿದರು. “ಅಕ್ಕಾ, ಶನಿವಾರ ನಾವೆಲ್ಲ ಸರೋವರದ ಕಡೆ ಹೊರಟಿದೀವಲ್ಲ, ಬೆಕ್ಕುಗಳನ್ನ ನೋಡ್ಕೊಳ್ಳೋಕೆ ಆ ಹುಡುಗೀನೇ ಕರೀರಿ. ಎರಡು ದಿನ ಹಾಸ್ಟೆಲ್ ಗಲಾಟೆ ತಪ್ಪತ್ತೆ. ಸೋಮವಾರ ಹೇಳೋಕೆ ಒಂದು ವಿಷಯಾನೂ ಸಿಗತ್ತೆ.”

ಈ ಮನುಷ್ಯ ವರ್ಷಕ್ಕೊಮ್ಮೆ ಹೀಗೆ ಒಳ್ಳೆಯ ಮಾತಾಡಿ ನಮ್ಮನ್ನು ಗಾಬರಿಪಡಿಸುತ್ತಾರೆ. ನನಗೆ ಹುರುಪು ಬಂತು. ಸುಳ್ಳಿಲ್ಲ, ಬಲವಂತವಿಲ್ಲ. ಒಂದು ಮನೆ, ಎರಡು ಬೆಕ್ಕು, ಸ್ವಲ್ಪ ನೆಮ್ಮದಿ. ಅನಿಸಿದರೆ ತಾನಾಗಿಯೇ ಹೇಳಿಯಾಳು. ಎಳೆಯರ ಮೇಲೆ ಭರವಸೆಯಿಟ್ಟು ನನಗೆಂದೂ ನಷ್ಟವಾಗಿಲ್ಲ.

ಜೂನ್ ೧೬, ಭಾನುವಾರ

ಈಗಷ್ಟೇ ಬಂದೆವು. ಮೂಟೆಗಳು ಇನ್ನೂ ಬಾಗಿಲಲ್ಲಿವೆ.

ಪ್ರವಾಸ ಎಂದಿನಂತೆ. ತಂಗಿಯ ಗಂಡ ಗೊತ್ತಿರುವ ದಾರಿಯನ್ನೇ ತಪ್ಪಿದರು. ಕೇಳೋಣವೆಂದರೆ ಕಾರು ನಿಲ್ಲಿಸಲಿಲ್ಲ. ಅವರ ಮಗಳು ಹಿಂದಿನ ಸೀಟಿನಲ್ಲಿ ನನ್ನ ಕೈಚೀಲಕ್ಕೇ ವಾಂತಿ ಮಾಡಿ, “ಸಾರಿ ದೊಡ್ಡಮ್ಮಾ, ಹತ್ರ ಅದೇ ಇತ್ತು” ಎಂದಳು. ನೀರಿನ ದಡದಲ್ಲಿ ಚಳಿಗಾಳಿ ಎದ್ದಾಗ ತಂಗಿ ಗಂಡನನ್ನು ಬೈಯುತ್ತಿದ್ದವಳು, ಬೈಯುತ್ತಲೇ ಬಂದು ನನ್ನ ಹೆಗಲಿಗೆ ತನ್ನ ಶಾಲು ಹೊದಿಸಿ, ಬೈಯುತ್ತಲೇ ಹೋದಳು. ಯಾರೂ ಯಾರಿಗೂ ಧನ್ಯವಾದ ಹೇಳಲಿಲ್ಲ. ಹೇಳಿದ್ದರೆ ಏನಾಯಿತೆಂದು ಹಣೆ ಮುಟ್ಟಿ ನೋಡುತ್ತಿದ್ದೆವು.

ಮನೆಯಲ್ಲಿ ಗುಂಡುಸೂಜಿಯ ಕೈಗೆ ಬ್ಯಾಂಡೇಜು. ಗಂಡುಬೆಕ್ಕು ದೊರೆ ಕಚ್ಚಿದೆ. ಹೆಣ್ಣುಬೆಕ್ಕು ಚೂಟಿ ಮಾತ್ರ ಅವಳ ಮಡಿಲು ಬಿಟ್ಟಿಳಿದಿಲ್ಲವಂತೆ.

“ಅದಕ್ಕೆ ದೊರೆ ಅಂತ ಹೆಸರಿಡಬಾರದಿತ್ತು ಮೇಡಂ. ನಿಜ ಅಂದ್ಕೊಂಡಿದೆ. ಮಂಚ ಪೂರ್ತಿ ಅದಕ್ಕೇ ಬೇಕು, ನಾನು ನೆಲದ ಮೇಲೆ ಮಲಗಿದೆ.”

ಹೇಳುತ್ತ ನಗುತ್ತಿದ್ದಳು. ಲ್ಯಾಬಿನಲ್ಲಿ ಎಂದೂ ಕಾಣದ ನಗು. ತಂಗಿಯ ಮಗಳು ದಡದಲ್ಲಿ ಆಯ್ದು ತಂದಿದ್ದ ಕಲ್ಲೊಂದನ್ನು ಅವಳಿಗೆ ಕೊಟ್ಟಳು. ಗುಂಡುಸೂಜಿ ಅದನ್ನು ಬಹಳ ಹೊತ್ತು ತಿರುಗಿಸಿ ನೋಡಿದಳು.

ರಾತ್ರಿ ಊಟಕ್ಕೆ ಅವಳನ್ನೂ ನಮ್ಮ ಮೇಜಿಗೆ ಕೂರಿಸಿಕೊಳ್ಳುತ್ತೇವೆ. ನಾಳೆ ಒಳ್ಳೆಯದೇ ಆಗುತ್ತದೆ.

ಜೂನ್ ೧೭, ಸೋಮವಾರ

ಒಳ್ಳೆಯದಾಗಲಿಲ್ಲ.

ಅವಳ ಸರದಿ ಬಂತು. ಎದ್ದಳು. “ಎರಡು ದಿನ ಎರಡು ಬೆಕ್ಕು ನೋಡ್ಕೊಂಡೆ ಸರ್. ಒಂದು ಕಚ್ತು. ಥ್ಯಾಂಕ್ಸ್ ಅವೇ ನನಗೆ ಹೇಳ್ಬೇಕು.”

ಪ್ಲಾಸ್ಟರ್ ಅಣ್ಣನವರು ಕುರ್ಚಿಯಿಂದ ಬೀಳುವುದೊಂದು ಬಾಕಿ. ನಾನೂ ನಕ್ಕೆ, ಮುಚ್ಚಿಡುವುದೇಕೆ. ಮ್ಯಾನೇಜರ್ ಕೆಂಪಾದರು. ಪೆನ್ನಿನ ಮುಚ್ಚಳ ಹಾಕಿದರು. ಬರೆದುಕೊಳ್ಳುವುದಕ್ಕಿಂತ ಅದು ಕೆಟ್ಟ ಸೂಚನೆ.

ನಾನೇ ಅವರ ರೂಮಿಗೆ ಹೋದೆ. ಕೃತಜ್ಞತೆಯೆಂಬುದು ಹಾಜರಿಯಲ್ಲ, ಕೂಗಿದಾಗ ಕೈಯೆತ್ತುವುದಕ್ಕೆ ಎಂದೆ. ದನಿ ಏರಿತ್ತು, ಒಪ್ಪುತ್ತೇನೆ. ಅವರ ದನಿ ಏರಲಿಲ್ಲ.

“ಮೇಡಂ, ನಿಮ್ಮ ವಯಸ್ಸಿನಲ್ಲಿ ನಿಮ್ಮನ್ನ ಇಟ್ಕೊಂಡಿದೀವಲ್ಲ, ಅದಕ್ಕೇ ನೀವು ಕೃತಜ್ಞರಾಗಿರ್ಬೇಕು. ನಿಮ್ಮ ಧೈರ್ಯಾನೇ ಆ ಹುಡುಗಿ ತಲೆ ಕೆಡಿಸಿರೋದು. ಇನ್ನೊಂದು ಮಾತಾಡಿದ್ರೆ, ಮುಂದಿನ ಸೋಮವಾರದವರೆಗೂ ಕಾಯಲ್ಲ. ಅವಳನ್ನ ಇವತ್ತೇ ಕಳಿಸ್ತೀನಿ.”

ನನ್ನನ್ನು ಕಳಿಸುತ್ತೇನೆ ಎಂದಿದ್ದರೆ ಅವರ ಮೇಜಿನ ಮೇಲೆ ಕಾಗದ ಒತ್ತಲು ಇಟ್ಟಿರುವ ಗಾಜಿನ ಗುಂಡು ನೆಲ ಕಾಣುತ್ತಿತ್ತು. ಅವಳನ್ನು ಎಂದರು. ಎಲ್ಲಿ ಹಿಡಿದರೆ ನೋಯುತ್ತದೆಂದು ಚೆನ್ನಾಗಿ ಬಲ್ಲರು.

ಬಾಯಿ ಮುಚ್ಚಿಕೊಂಡು ಹೊರಬಂದೆ. ಹುಡುಗಿ ಬಾಗಿಲಾಚೆ ಅಚ್ಚಿನ ಟ್ರೇ ಹಿಡಿದು ನಿಂತಿದ್ದಳು. ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಲಿಲ್ಲ.

ಜೂನ್ ೨೪, ಸೋಮವಾರ

ಇಡೀ ವಾರ ಬರೆಯಲಾಗಲಿಲ್ಲ. ಇವತ್ತು ಬರೆಯದೆ ಇರಲಾಗದು.

ಹೇಳಿಬಿಟ್ಟಳು.

ಎದ್ದು ನಿಂತಳು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಕೋಣೆಯ ಕೊನೆಯವರೆಗೆ ಕೇಳುವ ದನಿ. “ಸರ್, ನನ್ನ ಧನ್ಯವಾದ ಒಂದು ಮನೆಗೆ. ಅಲ್ಲಿ ಅಕ್ಕ ತಂಗಿ ಒಂದೇ ಮೇಜಲ್ಲಿ ಜಗಳ ಆಡ್ತಾ ಊಟ ಮಾಡ್ತಾರೆ. ಎರಡು ಬೆಕ್ಕಿವೆ, ಒಂದು ಮಡಿಲಿಗೆ ಬರತ್ತೆ. ಆ ಮನೆಯವರು ಎರಡು ದಿನ ಸರೋವರ ನೋಡೋಕೆ ಹೋದ್ರು, ಬರ್ತಾ ಕಲ್ಲು ತಂದ್ರು. ಅದಕ್ಕೆಲ್ಲ ಧನ್ಯವಾದ ಸರ್.”

“ನೋಡಿ!” ಮ್ಯಾನೇಜರ್ ಎದ್ದೇಬಿಟ್ಟರು. “ಫ್ಯಾಮಿಲಿ, ಬೆಕ್ಕು, ಟ್ರಿಪ್! ಎಲ್ಲಾ ಇತ್ತಲ್ಲಮ್ಮಾ! ಬಾಯಿ ಬಿಡೋಕೆ ಇಷ್ಟು ದಿನ ಬೇಕಾಯ್ತಾ?”

ಚಪ್ಪಾಳೆ. ಯಾರ ಮನೆ ಎಂದು ಆ ಮನುಷ್ಯ ಕೇಳಲೂ ಇಲ್ಲ.

ನಾನು ಚಪ್ಪಾಳೆ ತಟ್ಟಲಿಲ್ಲ. ನನಗೆ ಕಂಡದ್ದು ತಟ್ಟೆಯ ಮುಂದೆ ನಿಂತ ಮಗು. ಅದೇ ನಿಲುವು ಇರಬೇಕು, ಅದೇ ಸಣ್ಣಗಾಗಬಾರದೆಂದು ಬಿಗಿಹಿಡಿದ ದನಿ. ನನ್ನ ಮನೆಯ ಜಗಳ, ನನ್ನ ಮನೆಯ ಬೆಕ್ಕು — ಪ್ರೀತಿಯಿಂದ ಕೊಟ್ಟದ್ದನ್ನು ಈ ಮನುಷ್ಯ ಸುಂಕದ ಹಾಗೆ ವಸೂಲಿ ಮಾಡಿದರು! ಅದೂ ಸಾಲದೆ, ತಮ್ಮ ಪದ್ಧತಿ ಫಲಿಸಿತೆಂದು ಉಳಿದ ಶಾಖೆಗಳಿಗೂ ಕಳಿಸುತ್ತಾರಂತೆ. ಮುಂದಿನ ಸೋಮವಾರ ನಾನೇ ಆರಂಭಿಸಬೇಕಂತೆ. “ಶಿಷ್ಯೆ ದಾರಿಗೆ ಬಂದಳು, ಈಗ ಗುರುಗಳು” ಎಂದು ನಗೆಚಾಟಿಕೆ ಬೇರೆ.

ಜೂನ್ ೨೮, ಶುಕ್ರವಾರ

ಖಾಯಂ ಆದೇಶ ಅವಳ ಕೈಸೇರಿತು. ಮುಖ್ಯ ಕಚೇರಿಯ ಸಹಿ, ಮೊಹರು. ಇನ್ನು ಮ್ಯಾನೇಜರ್ ಬಯಸಿದರೂ ಒಂದು ಸೋಮವಾರದ ನೆಪದಲ್ಲಿ ಕಿತ್ತುಕೊಳ್ಳಲಾರರು.

ನನ್ನ ಬೆಂಚಿನ ಬಳಿ ಬಂದು ತೋರಿಸಿದಳು. ಸಂತೋಷವೆಂದೆ. ಸಂತೋಷವೇ. ಆದರೂ ತಡೆಯಲಾಗಲಿಲ್ಲ.

“ಯಾಕೆ ಹೇಳ್ದೆ?”

“ಆವತ್ತು ಅವರ ರೂಮಿಂದ ಬಂದ್ರಲ್ಲ, ಆ ಮುಖ ನೋಡೋಕಾಗ್ಲಿಲ್ಲ ಮೇಡಂ. ಇನ್ನು ನನಗೋಸ್ಕರ ಬಾಯಿ ಹೊಲ್ಕೊಂಡು ಕೂರ್ಬೇಕಾಗಿಲ್ಲ ನೀವು.”

ಆದೇಶವನ್ನು ಮಡಚಿ ಅವಳ ಕೈಗೆ ಕೊಟ್ಟೆ.

“ಸುಳ್ಳೇನೂ ಹೇಳ್ಲಿಲ್ಲ” ಎಂದಳು. ಆಮೇಲೆ ಬೆಂಚಿನ ಮೇಲಿದ್ದ ಟ್ರೇಯ ಅಂಚನ್ನು ಉಗುರಿನಿಂದ ಕೆರೆಯುತ್ತ, “ನಿಮಗೆ ಹೇಳ್ಬೇಕು ಅಂತ ಇಟ್ಕೊಂಡಿದ್ದೆ. ಅವರಿಗೆ ಹೇಳ್ಬಿಟ್ಟೆ. ಅದೊಂದು ಬೇಜಾರು.”

ಆ ಮಾತು ನನಗೆ ಬರಬೇಕಾಗಿದ್ದದ್ದು. ಮಡಿಲಲ್ಲಿ ಬೆಕ್ಕು ಕೂತಿರುವಾಗಲೋ, ಬಸ್ ಸ್ಟಾಪಿನಲ್ಲೋ, ಅರ್ಧಂಬರ್ಧವಾಗಿ, ನಾಚಿಕೊಂಡು. ದಾರಿಯಲ್ಲೇ ದೋಚಿಕೊಂಡರು.

ಜುಲೈ ೧, ಸೋಮವಾರ, ಸಂಜೆ ನಾಲ್ಕು

ಮ್ಯಾನೇಜರ್ ರೂಮಿನ ಹೊರಗಿನ ಬೆಂಚಿನ ಮೇಲೆ ಬರೆಯುತ್ತಿದ್ದೇನೆ.

ಬೆಳಿಗ್ಗೆ ಮೊದಲು ನನ್ನನ್ನೇ ಕರೆದರು. ಏಳಲಿಲ್ಲ.

“ಮೇಡಂ, ನಿಮ್ಮ ಸರದಿ.”

“ಗೊತ್ತು.”

“ಹೇಳಿ ಮತ್ತೆ.”

“ಇಲ್ಲ.”

“ನಿಮಗೂ ಏನೂ ಇಲ್ವಾ?”

“ಇದೆ. ಬೇಕಾದಷ್ಟಿದೆ. ನಿಮಗೆ ಹೇಳಲ್ಲ.”

ಯಾರೂ ನಗಲಿಲ್ಲ. ಪ್ಲಾಸ್ಟರ್ ಅಣ್ಣನವರ ಕಡೆ ತಿರುಗಿದರು ಮ್ಯಾನೇಜರ್. ಅಣ್ಣ ತಮ್ಮ ಬಿಳಿಯಾದ ಉಗುರುಗಳನ್ನು ನೋಡಿಕೊಳ್ಳುತ್ತ ಕೂತೇ ಇದ್ದರು. “ನನಗೂ ಇದೆ ಸರ್. ಹೆಂಡ್ತಿಗೇ ಹೇಳ್ಕೋತೀನಿ.” ಅವರ ಪಕ್ಕದವರು ಏಳಲಿಲ್ಲ. ಅದರಾಚೆಯವರೂ. ಗುಂಡುಸೂಜಿ ನನ್ನನ್ನೇ ನೋಡುತ್ತಿದ್ದಳು, ಕೆಲಸ ಕಲಿಯುವಾಗ ನನ್ನ ಕೈಯನ್ನು ನೋಡುತ್ತಿದ್ದ ಹಾಗೆ.

ನಾಲ್ಕಕ್ಕೆ ಬನ್ನಿ ಎಂದಿದ್ದರು. ಬಂದಿದ್ದೇನೆ. ಮುಂದಿನ ವಾರ ಈ ಲ್ಯಾಬಿನಲ್ಲಿ ಇರುತ್ತೇನೋ ಇಲ್ಲವೋ. ಹೆದರಿಕೆಯಿಲ್ಲ. ಅಷ್ಟು ಹೆದರಿಕೆಯಿಲ್ಲ.

ಕರೆದರು. ಮತ್ತೊಮ್ಮೆ ಕರೆಯುತ್ತಿದ್ದಾರೆ. ಕಾಯಲಿ. ಅವರಿಗೆ ಹೇಳದೆ ಉಳಿಸಿಕೊಂಡದ್ದನ್ನು ಮೊದಲು ಬರೆದಿಡುತ್ತೇನೆ. ನಾನು ಕೃತಜ್ಞಳಾಗಿರುವುದು, ಎಲ್ಲಕ್ಕಿಂತ ಮೊದಲಿಗೆ —